ಎದೆಯ ಮೇಲೆ ಕುಳಿತ ದೆವ್ವ, ಹೊಳೆದಂಡೆಯ ಹುಳ

ಕಳೆದ ತಿಂಗಳು ಪರಿಚಯದ ಹೆಂಗಸೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಬಿ.ಪಿ. ನೋಡಿಸಿಕೊಂಡು, ಮಾತ್ರೆಯ ಚೀಟಿ ಬರೆಸಿಕೊಂಡು, ಎದ್ದು ಹೋಗುವ ಬದಲು ಮತ್ತೆ ಕುಳಿತರು. ಹೊರಗೆ ಬೆಂಚಿನ ಮೇಲೆ ಎಂಟು ಹತ್ತು ಮಂದಿ ಕಾಯುತ್ತಿದ್ದರು. ‘ಡಾಕ್ಟ್ರೇ, ಒಂದು ಮಾತು ಕೇಳ್ತೀನಿ, ನಗಬಾರದು. ಜಪಾನಿನಲ್ಲೂ ದೆವ್ವ ಇರುತ್ತಾ?’

ನಾನು ನಗಲಿಲ್ಲ. ಅವರ ಮಗಳು ಇಂಜಿನಿಯರಿಂಗ್ ಮುಗಿಸಿ ಒಸಾಕಾ ನಗರದ ಕಂಪೆನಿಯೊಂದರಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ಈಚೆಗೆ ಮೂರು ಸಲ ರಾತ್ರಿ ಎಚ್ಚರವಾದಾಗ ಅವಳಿಗೆ ಕೈಕಾಲು ಅಲುಗಾಡಿಸಲು ಆಗಲಿಲ್ಲವಂತೆ. ಕೂಗೋಣವೆಂದರೆ ಸ್ವರವಿಲ್ಲ. ಬಾಗಿಲ ಬಳಿ ಯಾರೋ ನಿಂತಂತೆ, ಮೆಲ್ಲಗೆ ಬಂದು ಎದೆಯ ಮೇಲೆ ಕುಳಿತಂತೆ ಆಯಿತಂತೆ. ಜೊತೆಯಲ್ಲಿ ಕೆಲಸ ಮಾಡುವ ಜಪಾನಿ ಹುಡುಗಿಗೆ ಹೇಳಿದರೆ, ಅವಳು ಸ್ವಲ್ಪವೂ ಆಶ್ಚರ್ಯಪಡದೆ ‘ಓ, ಕನಶಿಬರಿ’ ಎಂದು ಸುಮ್ಮನಾದಳಂತೆ. ಅಲ್ಲಿಯವರೇ ಅದಕ್ಕೊಂದು ಹೆಸರಿಟ್ಟಿದ್ದಾರೆ ಎಂದ ಮೇಲೆ ಅದು ಇರಲೇಬೇಕಲ್ಲ ಎಂಬುದು ತಾಯಿಯ ತರ್ಕ. ಬಾಡಿಗೆ ಮನೆ ಬದಲಾಯಿಸು ಎನ್ನಲೇ, ಇಲ್ಲೇ ಒಂದು ಶಾಂತಿ ಮಾಡಿಸಲೇ ಎಂಬುದು ಅವರ ಪ್ರಶ್ನೆ.

ತಾಯಿಯ ತರ್ಕದಲ್ಲಿ ಅರ್ಧ ಸತ್ಯವಿದೆ. ಜನ ಏನೂ ಇಲ್ಲದ್ದಕ್ಕೆ ಹೆಸರಿಡುವುದಿಲ್ಲ. ಏನೋ ಇದೆ, ಆದರೆ ಅದು ಹೆಸರು ಹೇಳಿದ್ದೇ ಆಗಿರಬೇಕಾಗಿಲ್ಲ. ಜಪಾನೀಯರು ದೆವ್ವ, ನರಿ, ಹುಳ, ದೇವತೆ ಎಂದು ತಮ್ಮ ಕಾಯಿಲೆಗಳಿಗೆ ನೂರಾರು ವರ್ಷ ಇಟ್ಟುಕೊಂಡು ಬಂದ ಹೆಸರುಗಳನ್ನು ಆ ದಿನದಿಂದ ಓದುತ್ತಾ ಹೋದೆ. ಓದಿದಂತೆಲ್ಲ ಕುತೂಹಲ ಹೆಚ್ಚಿತು. ಕೊನೆಗೆ ಅದು ನಾನೇ ಮಾಡಿದ ಒಂದು ತಪ್ಪಿನ ಬಳಿ ತಂದು ನಿಲ್ಲಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಲೋಹದ ಕಟ್ಟು

ಕನಶಿಬರಿ ಎಂದರೆ ಲೋಹದಿಂದ ಬಿಗಿದು ಕಟ್ಟುವುದು. ಬೌದ್ಧಧರ್ಮದ ಜೊತೆಗೆ ನಮ್ಮ ದೇಶದಿಂದ ಹೊರಟು ಚೀನಾ ದಾಟಿ ಜಪಾನು ಸೇರಿದ ದೇವತೆಗಳಲ್ಲಿ ‘ಅಚಲ’ ಒಬ್ಬ. ಅಲ್ಲಿ ಅವನಿಗೆ ಫುದೊ ಮ್ಯೊಓ ಎಂದು ಹೆಸರು. ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಪಾಶ. ಬೆಟ್ಟಗಳಲ್ಲಿ ಕಠಿಣ ವ್ರತ ಹಿಡಿದ ಸಾಧಕರು ಅವನ ಮಂತ್ರಬಲದಿಂದ ಶತ್ರುಗಳನ್ನೂ ದುಷ್ಟಶಕ್ತಿಗಳನ್ನೂ ನಿಂತಲ್ಲೇ ಕಟ್ಟಿಹಾಕಬಲ್ಲರು ಎಂದು ನಂಬಿಕೆ. ಆ ವಿದ್ಯೆಯ ಹೆಸರೇ ಕ್ರಮೇಣ ರಾತ್ರಿಯ ಈ ಅನುಭವಕ್ಕೆ ಅಂಟಿಕೊಂಡಿತು. ಸತ್ತವರ ಆತ್ಮ ಬಂದು ಒತ್ತುತ್ತದೆ ಎಂದೂ ಹೇಳುವವರಿದ್ದಾರೆ.

ವೈದ್ಯರು ಇದನ್ನು ‘ಸ್ಲೀಪ್ ಪೆರಾಲಿಸಿಸ್’, ಅಂದರೆ ನಿದ್ರಾಸ್ತಂಭನ ಎನ್ನುತ್ತಾರೆ. ನಮ್ಮ ನಿದ್ದೆ ರಾತ್ರಿಯಿಡೀ ಒಂದೇ ಬಗೆಯದಾಗಿರುವುದಿಲ್ಲ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ‘ರೆಮ್’ ಎಂಬ ಹಂತ ಬರುತ್ತದೆ. ಆಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುತ್ತವೆ. ಸ್ಪಷ್ಟವಾದ ಕನಸುಗಳು ಬೀಳುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಕನಸು ನಡೆಯುವಾಗ ಕೈಕಾಲುಗಳ ಸ್ನಾಯುಗಳನ್ನು ಮೆದುಳೇ ಸಡಿಲ ಮಾಡಿ ಇಟ್ಟಿರುತ್ತದೆ. ಹಾಗಿಲ್ಲದಿದ್ದರೆ ಕನಸಿನಲ್ಲಿ ಬಸ್ಸಿನ ಹಿಂದೆ ಓಡುವವರು ಮಂಚದಿಂದಿಳಿದು ಬೀದಿಗೇ ಓಡಿಯಾರು. ಸಾಮಾನ್ಯವಾಗಿ ಎಚ್ಚರವಾಗುವುದೂ ಸ್ನಾಯುಗಳಿಗೆ ಬಲ ಬರುವುದೂ ಒಟ್ಟಿಗೇ ಆಗುತ್ತವೆ. ಒಮ್ಮೊಮ್ಮೆ ಈ ಹೊಂದಾಣಿಕೆ ತಪ್ಪಿ ಮನಸ್ಸು ಮೊದಲು ಎದ್ದುಬಿಡುತ್ತದೆ, ದೇಹ ಇನ್ನೂ ಕಟ್ಟಿನಲ್ಲೇ ಇರುತ್ತದೆ, ಕನಸು ಪೂರ್ತಿ ಮುಗಿದಿರುವುದಿಲ್ಲ. ಹಾಗಾಗಿ ನಿಜವಾದ ಕೋಣೆಯೊಳಗೆ, ನಿಜವಾದ ಬಾಗಿಲ ಬಳಿ, ಕನಸಿನ ಮನುಷ್ಯ ನಿಂತಿರುತ್ತಾನೆ.

ಎದೆಯ ಮೇಲಿನ ಭಾರಕ್ಕೂ ಕಾರಣವಿದೆ. ಆ ಹಂತದಲ್ಲಿ ಉಸಿರಾಟದ ಹೊಣೆಯನ್ನು ಬಹುಮಟ್ಟಿಗೆ ವಪೆಯೊಂದೇ ಹೊತ್ತಿರುತ್ತದೆ, ಪಕ್ಕೆಲುಬಿನ ನಡುವಿನ ಸ್ನಾಯುಗಳು ಸಡಿಲವಾಗಿರುತ್ತವೆ. ಗಾಬರಿಯಿಂದ ದೀರ್ಘವಾಗಿ ಉಸಿರೆಳೆಯಲು ಹೋದರೆ ಎದೆ ಏಳುವುದಿಲ್ಲ, ಯಾರೋ ಅದುಮಿ ಹಿಡಿದಂತಾಗುತ್ತದೆ. ಉಸಿರು ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳೊಳಗೆ ಕಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಜಪಾನಿನಲ್ಲಿ ಫುಕುದಾ ಕಝುಹಿಕೊ ಮತ್ತು ಸಂಗಡಿಗರು 635 ಕಾಲೇಜು ವಿದ್ಯಾರ್ಥಿಗಳನ್ನು ಈ ಬಗ್ಗೆ ವಿಚಾರಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ನೂರಕ್ಕೆ ನಲವತ್ತು ಮಂದಿಗೆ ಒಮ್ಮೆಯಾದರೂ ಕನಶಿಬರಿ ಆಗಿತ್ತು. ಬೇರೆ ದೇಶಗಳ ಎಷ್ಟೋ ಸಮೀಕ್ಷೆಗಳಲ್ಲಿ ಸಿಕ್ಕಿದ್ದು ಇದಕ್ಕಿಂತ ಕಡಿಮೆ. ಜಪಾನೀಯರ ಮೆದುಳು ಬೇರೆ ಎಂದು ಇದರ ಅರ್ಥವಲ್ಲ. ಹೆಸರಿದ್ದಲ್ಲಿ ಜನ ಅನುಭವವನ್ನು ಗುರುತಿಸುತ್ತಾರೆ, ಸಂಕೋಚವಿಲ್ಲದೆ ಹೇಳುತ್ತಾರೆ. ಹೆಸರಿಲ್ಲದ ಊರಿನಲ್ಲಿ ಅದೇ ಅನುಭವವಾದವನು ತನಗೆ ಹುಚ್ಚು ಹಿಡಿಯಿತೋ ಏನೋ ಎಂದು ಯಾರಿಗೂ ಹೇಳದೆ ನುಂಗಿಕೊಂಡಿರುತ್ತಾನೆ. ಇದು ನನ್ನ ಊಹೆಯಾದರೂ ಮೂವತ್ತು ನಲವತ್ತು ರೋಗಿಗಳನ್ನು ಕೇಳಿ ನೋಡಿದ ಮೇಲೆ ಬಂದ ಊಹೆ.

ಆ ರಾತ್ರಿ ಹುಡುಗಿಯ ಜೊತೆ ಫೋನಿನಲ್ಲಿ ಮಾತಾಡಿದೆ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ನಿದ್ದೆ ದಿನಕ್ಕೆ ನಾಲ್ಕೂವರೆ ಗಂಟೆ. ಅಂಗಾತ ಮಲಗುವ ಅಭ್ಯಾಸ. ಕಟ್ಟು ಬೀಳುವುದಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇಡ. ಮಗ್ಗುಲಾಗಿ ಮಲಗು, ಮಲಗುವ ಹೊತ್ತನ್ನು ಆದಷ್ಟು ಒಂದೇ ಸಮ ಇಡು, ಆರೂವರೆ ಏಳು ಗಂಟೆಯಾದರೂ ನಿದ್ದೆ ಮಾಡು ಎಂದೆ. ಮತ್ತೆ ಹಾಗಾದರೆ ಇಡೀ ಮೈ ಅಲ್ಲಾಡಿಸಲು ಹೆಣಗದೆ ಒಂದು ಕಿರುಬೆರಳನ್ನೋ ನಾಲಗೆಯ ತುದಿಯನ್ನೋ ಅಲ್ಲಾಡಿಸಲು ಪ್ರಯತ್ನಿಸು ಎಂದೂ ಹೇಳಿದೆ. ಹಗಲಲ್ಲಿ ಮಾತಾಡುತ್ತಿರುವಾಗಲೇ ತಡೆಯಲಾಗದ ನಿದ್ದೆ ಬರುತ್ತದೆಯೇ, ಜೋರಾಗಿ ನಕ್ಕಾಗ ಮಂಡಿ ಕುಸಿಯುತ್ತದೆಯೇ ಎಂದು ಎರಡು ಪ್ರಶ್ನೆ ಕೇಳಿದೆ. ಇಲ್ಲವೆಂದಳು. ಹೌದೆಂದಿದ್ದರೆ ‘ನಾರ್ಕೊಲೆಪ್ಸಿ’ ಎಂಬ ಬೇರೆಯೇ ಕಾಯಿಲೆಯನ್ನು ಯೋಚಿಸಿ ನರರೋಗ ತಜ್ಞರಲ್ಲಿಗೆ ಕಳಿಸಬೇಕಾಗುತ್ತಿತ್ತು.

ಹೀಗೆ ಹೆದರಿಸಿ ಬಿಟ್ಟುಹೋಗುವ ನಿರಪಾಯದ ದೆವ್ವಗಳು ಅಲ್ಲಿ ಇನ್ನೂ ಇವೆ. ಹಿಮ ಸುರಿಯುವ ನೀಗಾತಾ ಸೀಮೆಯಲ್ಲಿ ದಾರಿ ನಡೆಯುವವನ ಕಾಲಿನ ಚರ್ಮ ಇದ್ದಕ್ಕಿದ್ದಂತೆ ಕುಡುಗೋಲಿನಿಂದ ಗೀರಿದಂತೆ ಸೀಳುತ್ತದೆ, ಆ ಕ್ಷಣಕ್ಕೆ ನೋವೂ ಇರುವುದಿಲ್ಲ. ಅದು ‘ಕಮಾಇತಾಚಿ’, ಸುಂಟರಗಾಳಿಯಲ್ಲಿ ಬರುವ, ಕುಡುಗೋಲಿನಂಥ ಉಗುರಿನ ಮುಂಗುಸಿಯಂಥ ಪ್ರಾಣಿಯ ಕೆಲಸ. ಹಿದಾ ಬೆಟ್ಟಗಳ ಕಡೆ ಅವು ಮೂರು ಜೊತೆಯಾಗಿ ಬರುತ್ತವಂತೆ. ಮೊದಲನೆಯದು ಬೀಳಿಸುತ್ತದೆ, ಎರಡನೆಯದು ಕೊಯ್ಯುತ್ತದೆ, ಮೂರನೆಯದು ಔಷಧಿ ಹಚ್ಚಿ ಹೋಗುತ್ತದೆ! ಚಳಿಗೆ ಒಣಗಿ ಬಿರುಸಾದ ಚರ್ಮ ಥಟ್ಟನೆ ಎಳೆದಾಗ ಬಿರಿಯುತ್ತದೆ ಎಂಬುದು ಈಗಿನ ಒಂದು ವಿವರಣೆ. ಮೂರನೆಯ ಪ್ರಾಣಿ ಧನುರ್ವಾತದ ಚುಚ್ಚುಮದ್ದನ್ನೂ ಕೊಡುತ್ತಿದ್ದರೆ ನಮ್ಮ ಕೆಲಸ ಹಗುರವಾಗುತ್ತಿತ್ತು.

ನರಿ ಹೊಕ್ಕ ಮನೆ

ನರಿಯ ವಿಷಯ ಇಷ್ಟು ಹಗುರವಾದುದಲ್ಲ. ‘ಕಿತ್ಸುನೆ-ತ್ಸುಕಿ’ ಎಂದರೆ ಮೈಮೇಲೆ ನರಿ ಬರುವುದು. ಉಗುರಿನ ಸಂದಿಯಿಂದಲೋ ಎದೆಯಿಂದಲೋ ನರಿ ಒಳಹೊಗುತ್ತದೆ, ಆಮೇಲೆ ರೋಗಿಯ ಬಾಯಲ್ಲಿ ಅದೇ ಮಾತಾಡುತ್ತದೆ, ಎಣ್ಣೆಯಲ್ಲಿ ಕರಿದ ತೋಫು ಬೇಕೆಂದು ಹಟ ಹಿಡಿಯುತ್ತದೆ. ಟೋಕಿಯೊದಲ್ಲಿ ವೈದ್ಯವಿದ್ಯೆ ಕಲಿಸಲು 1876ರಲ್ಲಿ ಬಂದ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಇಂಥ ರೋಗಿಗಳನ್ನು ಸ್ವತಃ ನೋಡಿ, ಇದು ಮನಸ್ಸಿನ ಹಾಗೂ ನರಗಳ ಕಾಯಿಲೆಯೆಂದು ಬರೆದ. ಅವನ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ. 1891ರಲ್ಲಿ ಶಿಮಾಮುರಾ ಶುನ್‌ಇಚಿ ಎಂಬ ವೈದ್ಯನನ್ನು ಇದರ ತನಿಖೆಗೆಂದೇ ಶಿಮಾನೆ ಪ್ರಾಂತ್ಯಕ್ಕೆ ಕಳಿಸಲಾಯಿತು. 1902ರಲ್ಲಿ ಕಾದೊವಾಕಿ ಎಂಬ ಮನೋವೈದ್ಯ ನರಿ ಹಿಡಿದವರ ಬಗ್ಗೆ ಒಂದು ಪುಸ್ತಕವನ್ನೇ ಬರೆದ.

ಒಂದೇ ಹೆಸರಿನ ಕೆಳಗೆ ಎಷ್ಟು ಕಾಯಿಲೆಗಳು ಅಡಗಿರಬಹುದೆಂದು ಈಗ ಊಹಿಸಬಹುದು: ಸ್ಕಿಜೋಫ್ರೇನಿಯ, ಮೂರ್ಛೆರೋಗ, ಜ್ವರ ನೆತ್ತಿಗೇರಿದ ಸನ್ನಿ, ಬಾಣಂತಿಯ ಮಾನಸಿಕ ಕಾಯಿಲೆ, ಮೆದುಳಿನ ಉರಿಯೂತ. ಯಾರ ಮಾತೂ ನಡೆಯದ ಮನೆಯಲ್ಲಿ ಸೊಸೆಯೊಬ್ಬಳು ನರಿಯ ಬಾಯಿಂದ ಹೇಳಿಕೊಂಡ ಸಂಕಟವೂ ಇದ್ದಿರಬೇಕು. ಇವುಗಳಲ್ಲಿ ಕೆಲವು ತಾವಾಗಿ ಇಳಿಯುತ್ತವೆ. ಹಾಗೆ ಇಳಿದಾಗ ಕೀರ್ತಿ ಮಂತ್ರವಾದಿಗೆ. ಇಳಿಯದಿದ್ದರೆ ಚಿಕಿತ್ಸೆ ಬಿರುಸಾಗುತ್ತಿತ್ತು. ಪೈನ್ ಮರದ ಹಸಿ ಎಲೆಗೆ ಬೆಂಕಿಯಿಟ್ಟು ಹೊಗೆ ಕುಡಿಸುವುದು, ಹೊಡೆಯುವುದು, ಉಪವಾಸ ಕೆಡವುವುದು. ಏಟು ನರಿಗೆಂದೇ ಹೊಡೆದರೂ ತಗಲುವುದು ರೋಗಿಗೆ.

ಇನ್ನೊಂದು ಕ್ರೌರ್ಯ ರೋಗಿಯ ಮನೆಯಾಚೆಗಿನದು. ಶಿಮಾನೆ ಪ್ರಾಂತ್ಯದ ಇಝುಮೊ ಸೀಮೆಯಲ್ಲಿ ‘ನರಿ ಸಾಕುವ ಮನೆತನ’ಗಳೆಂದು ಕೆಲವನ್ನು ಗುರುತಿಸಿದ್ದರು. ಅಂಥ ಒಂದೊಂದು ಮನೆಯಲ್ಲೂ ಕಣ್ಣಿಗೆ ಕಾಣದ 75 ನರಿಗಳಿವೆ, ಮನೆಯವರು ಅಸೂಯೆಪಟ್ಟರೆ ಸಾಕು ಅವು ಹೋಗಿ ಹಿಡಿಯುತ್ತವೆ, ಮದುವೆಯಾದ ಹೆಣ್ಣಿನ ಜೊತೆ ಹೊಸ ಮನೆಗೂ ಬರುತ್ತವೆ ಎಂದು ನಂಬಿಕೆ. 1890ರಲ್ಲಿ ಅಲ್ಲಿನ ಮಾತ್ಸುಏ ಊರಿನಲ್ಲಿ ಮೇಷ್ಟರಾಗಿದ್ದ ಲೇಖಕ ಲಾಫ್ಕಾಡಿಯೊ ಹರ್ನ್ ಇದನ್ನೆಲ್ಲ ದಾಖಲಿಸಿದ್ದಾನೆ. ಆ ಮನೆಗಳಿಗೆ ಹೆಣ್ಣು ಕೊಡುವವರಿಲ್ಲ, ಅಲ್ಲಿಂದ ತರುವವರೂ ಇಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಈ ಕಾರಣಕ್ಕೆ ಸಂಬಂಧಗಳು ಮುರಿಯುತ್ತಿದ್ದವು. ಅಂಥದೇ ಮನೆತನದಲ್ಲಿ ಹುಟ್ಟಿದ ಹಾಯಾಮಿ ಯಾಸುತಾಕಾ 1953ರಲ್ಲಿ ಈ ನಂಬಿಕೆಯ ಚರಿತ್ರೆಯನ್ನೇ ಬರೆದು ಪ್ರಕಟಿಸಿದ. ನಮ್ಮ ಮನೆಗಳಲ್ಲಿ ಮಾನಸಿಕ ಕಾಯಿಲೆಯನ್ನು ಮದುವೆಯ ಮಾತು ಮುಗಿಯುವತನಕ ಮುಚ್ಚಿಡುತ್ತಾರಲ್ಲ, ಆ ಹೆದರಿಕೆಯನ್ನು ದಿನವೂ ಕಾಣುವ ನನಗೆ ಇದನ್ನು ಓದಿ ಜಪಾನು ಬಹಳ ದೂರದ ದೇಶವೆನಿಸಲಿಲ್ಲ.

ಸಾಂಕ್ರಾಮಿಕ ರೋಗಗಳಿಗೂ ಹೀಗೇ ಮುಖಗಳಿದ್ದವು. 1858ರಲ್ಲಿ ಕಾಲರಾ ಬಂದಾಗ, ಯಾವುದೋ ಮಾಯಾನರಿಯ ಕೆಲಸ ಇದು ಎಂದು ನಂಬಿ, ನರಿಗೆ ತೋಳವೇ ಮದ್ದೆಂದು ಮಿತ್ಸುಮಿನೆ ಬೆಟ್ಟದ ತೋಳದೇವರಿಗೆ ಜನ ಮುಗಿಬಿದ್ದರು. ಸಿಡುಬಿಗೆ ನಮ್ಮಲ್ಲಿ ‘ಅಮ್ಮ’ ಇದ್ದಂತೆ ಅಲ್ಲೊಬ್ಬ ಸಿಡುಬಿನ ದೇವರಿದ್ದ. ಮಗುವಿನ ಬಟ್ಟೆ, ಆಟಿಕೆ, ಗೋಡೆಯ ಚಿತ್ರ ಎಲ್ಲವೂ ಕೆಂಪಾಗಿದ್ದರೆ ಅವನು ಸೌಮ್ಯನಾಗುತ್ತಾನೆಂದು ಭಾವನೆ. 1849ರಲ್ಲಿ ದನದ ಸಿಡುಬಿನ ಲಸಿಕೆ ಜಪಾನಿಗೆ ಬಂತು. ಒಸಾಕಾದಲ್ಲಿ ಒಗಾತಾ ಕೋಅನ್ ಎಂಬ ವೈದ್ಯ ಲಸಿಕೆ ಹಾಕಲು ಕುಳಿತರೆ, ಹಾಕಿಸಿಕೊಂಡ ಮಗು ದನವಾಗಿಬಿಡುತ್ತದೆ ಎಂದು ವದಂತಿ ಹಬ್ಬಿತು. ಆ ಕಾಲದ ವೈದ್ಯರು ಜಗಳಕ್ಕೆ ನಿಲ್ಲಲಿಲ್ಲ. ಬಿಳಿ ದನದ ಮೇಲೆ ಕುಳಿತ ಬಾಲಕ ಸಿಡುಬಿನ ರಾಕ್ಷಸನನ್ನು ಅಟ್ಟಿಸಿಕೊಂಡು ಹೋಗುವ ಚಿತ್ರ ಅಚ್ಚು ಹಾಕಿಸಿ ಹಂಚಿದರು. ಜನರ ಭಾಷೆಯಲ್ಲೇ ಜನರಿಗೆ ಉತ್ತರ. 2020ರಲ್ಲಿ ಕೋವಿಡ್ ಬಂದಾಗ ಜಪಾನಿನ ಆರೋಗ್ಯ ಸಚಿವಾಲಯವೂ ಅದೇ ಉಪಾಯ ಮಾಡಿತು. 1846ರಲ್ಲಿ ಕಡಲಿನಿಂದೆದ್ದು ಬಂದು ರೋಗದ ಭವಿಷ್ಯ ನುಡಿಯಿತೆಂದು ಪ್ರತೀತಿಯಿರುವ, ಹಕ್ಕಿಯ ಕೊಕ್ಕಿನ ‘ಅಮಾಬಿಎ’ಯ ಚಿತ್ರವನ್ನು ತನ್ನ ಎಚ್ಚರಿಕೆಯ ಪೋಸ್ಟರಿಗೆ ಬಳಸಿಕೊಂಡಿತು.

ಹೊಟ್ಟೆಯೊಳಗಿನ ಅರವತ್ಮೂರು

ಜಪಾನಿ ಭಾಷೆಯಲ್ಲಿ ‘ಮುಶಿ’ ಎಂದರೆ ಹುಳ. ಹಿಂದಿನವರ ಪ್ರಕಾರ ಮನುಷ್ಯನ ಅನೇಕ ಕಾಯಿಲೆಗಳು, ಸಿಟ್ಟು, ಕಸಿವಿಸಿ ಎಲ್ಲಕ್ಕೂ ಕಾರಣ ಒಳಗಿರುವ ಮುಶಿಗಳು. ಈಗಲೂ ಸಿಟ್ಟು ಇಳಿಯದಿದ್ದರೆ ‘ಹೊಟ್ಟೆಯ ಹುಳ ತಣ್ಣಗಾಗುತ್ತಿಲ್ಲ’ ಎಂಬರ್ಥದ ಮಾತು ಆಡುತ್ತಾರೆ. 1568ರಲ್ಲಿ ಬರೆದ ‘ಹರಿಕಿಕಿಗಾಕಿ’ ಎಂಬ ಸೂಜಿಚಿಕಿತ್ಸೆಯ ಹಸ್ತಪ್ರತಿಯೊಂದು ಕ್ಯೂಶೂ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಇಂಥ 63 ಹುಳಗಳನ್ನು ಬಣ್ಣದಲ್ಲಿ ಬರೆದಿದ್ದಾರೆ. ಗುಲ್ಮದಲ್ಲಿ ಟೊಪ್ಪಿಗೆ ಹಾಕಿಕೊಂಡ ಹುಳ, ಹೃದಯದಲ್ಲಿ ಕುದುರೆಯಂಥ ಹುಳ. ಸೂಜಿ ಎಲ್ಲಿ ಚುಚ್ಚಬೇಕು, ಯಾವುದು ಯಾವ ಮೂಲಿಕೆಗೆ ಬಗ್ಗುತ್ತದೆ ಎಂಬ ವಿವರವೂ ಉಂಟು.

ಮೈಯೊಳಗೆ ಮೂರು ಹುಳಗಳಿವೆ, ಅರವತ್ತು ದಿನಕ್ಕೊಮ್ಮೆ ನಾವು ಮಲಗಿದಾಗ ಅವು ಮೇಲಕ್ಕೆ ಹೋಗಿ ನಮ್ಮ ಪಾಪಗಳನ್ನು ವರದಿ ಮಾಡಿ ಆಯುಸ್ಸು ಕಡಿಮೆ ಮಾಡಿಸುತ್ತವೆ ಎಂಬ ನಂಬಿಕೆ ಚೀನಾದಿಂದ ಬಂದದ್ದು. ಆದ್ದರಿಂದ ಆ ರಾತ್ರಿ ಊರವರೆಲ್ಲ ಜಾಗರಣೆ. ಆ ‘ಕೋಶಿನ್’ ಆಚರಣೆಯ ಕಲ್ಲುಗಳ ಮೇಲೆ ಕಣ್ಣು, ಕಿವಿ, ಬಾಯಿ ಮುಚ್ಚಿಕೊಂಡ ಮೂರು ಕೋತಿಗಳನ್ನು ಕೆತ್ತುತ್ತಿದ್ದರು. ಗಾಂಧೀಜಿಯವರ ಮೇಜಿನಿಂದ ನಮಗೆಲ್ಲ ಪರಿಚಿತವಾದ ಕೋತಿಗಳ ಬಳಗ ಇದೇ.

ಹುಳದ ಮಾತು ಪೂರ್ತಿ ಕಲ್ಪನೆಯೂ ಅಲ್ಲ. ಯುದ್ಧ ಮುಗಿದ ವರ್ಷಗಳಲ್ಲಿ ಜಪಾನಿನ ಅರ್ಧಕ್ಕಿಂತ ಹೆಚ್ಚು ಜನರ ಕರುಳಿನಲ್ಲಿ ಜಂತುಹುಳುಗಳಿದ್ದವು. ಶಾಲೆಯಲ್ಲಿ ಮಕ್ಕಳ ಕ್ರಿಮಿ ಪರೀಕ್ಷೆ ಕಡ್ಡಾಯ ಮಾಡಿ, ಔಷಧ ಕೊಟ್ಟು, ಮಲಗೊಬ್ಬರ ಬಿಡಿಸಿ, ಅದನ್ನು ಹೆಚ್ಚುಕಡಿಮೆ ನಿರ್ಮೂಲ ಮಾಡಿದರು. ಆ ಪರೀಕ್ಷೆಯ ಕೊನೆಯ ಕಂತು ನಿಂತದ್ದು 2016ರಲ್ಲಿ. ರಾತ್ರಿಯೆಲ್ಲ ಅಳುವ ಹಸುಗೂಸಿಗೆ ಮಾತ್ರ ಈಗಲೂ ‘ಕಾನ್ ನೊ ಮುಶಿ’ ಎಂಬ ಹುಳದ ಹೆಸರೇ ಉಳಿದಿದೆ. ಕೆಲವು ಗುಡಿಗಳಲ್ಲಿ ಮಗುವಿನ ಅಂಗೈಗೆ ಶಾಯಿಯಲ್ಲಿ ಅಕ್ಷರ ಬರೆದು ತೊಳೆದರೆ ಬೆರಳ ತುದಿಯಿಂದ ಬಿಳಿ ಎಳೆಗಳು ಹೊರಡುತ್ತವಂತೆ. ಹುಳ ಹೋಯಿತೆಂದು ತಾಯಿಗೆ ಸಮಾಧಾನ. ನನ್ನ ಅಭ್ಯಂತರವಿಲ್ಲ. ಆದರೆ ಅಳುವ ಕೂಸಿಗೆ ಜ್ವರವಿದ್ದರೆ, ಹಾಲು ಬಿಟ್ಟಿದ್ದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದ್ದರೆ, ನೆತ್ತಿಯ ಮೆದು ಜಾಗ ಎದ್ದು ನಿಂತಿದ್ದರೆ ಗುಡಿಯೂ ಬೇಡ, ಗ್ರೈಪ್‌ವಾಟರೂ ಬೇಡ, ಆಸ್ಪತ್ರೆಗೆ ಹೊರಡಿ.

ಹೊಳೆದಂಡೆಯ ಹುಳ

1841ರಲ್ಲಿ ಅಚ್ಚಾದ ‘ಎಹೊನ್ ಹ್ಯಾಕು ಮೊನೊಗತಾರಿ’ ಎಂಬ ಭೂತಕಥೆಗಳ ಚಿತ್ರಪುಸ್ತಕದಲ್ಲಿ ‘ತ್ಸುತ್ಸುಗಾಮುಶಿ’ ಎಂಬ ಭೂತವಿದೆ. ಏಳನೆಯ ಶತಮಾನದಲ್ಲಿ ಇವಾಮಿ ಸೀಮೆಯ ಬೆಟ್ಟದಲ್ಲಿದ್ದ ಈ ಹುಳ ರಾತ್ರಿ ಮನೆಗಳಿಗೆ ನುಗ್ಗಿ ಮಲಗಿದವರ ರಕ್ತ ಹೀರಿ ಕೊಲ್ಲುತ್ತಿತ್ತು, ಮಂತ್ರವಿದ್ಯೆ ಬಲ್ಲವನೊಬ್ಬ ಅದನ್ನು ಅಡಗಿಸಿದ ಎಂದು ಕಥೆ. ‘ತ್ಸುತ್ಸುಗಾ’ ಎಂದರೆ ಕೇಡು, ಕಾಯಿಲೆ. ಕೇಡಿನ ಹುಳ.

ನೀಗಾತಾ, ಯಾಮಾಗಾತಾ, ಅಕಿತಾ ಪ್ರಾಂತ್ಯಗಳ ದೊಡ್ಡ ಹೊಳೆಗಳ ದಂಡೆಯಲ್ಲಿ ಇದು ಬರೀ ಕಥೆಯಾಗಿರಲಿಲ್ಲ. ಪ್ರತಿ ಬೇಸಗೆ, ನೆರೆ ಇಳಿದ ಬಯಲಿನಲ್ಲಿ ಹುಲ್ಲು ಕೊಯ್ಯಲು, ಬೆಳೆ ತೆಗೆಯಲು ಹೋದವರಿಗೆ ಹತ್ತು ದಿನದ ನಂತರ ಉರಿಜ್ವರ, ವಿಪರೀತ ತಲೆನೋವು, ಕೆಂಗಣ್ಣು, ಮೈಮೇಲೆ ಗಂದೆ. ಕೆಲವು ವರ್ಷ ಹಿಡಿದ ಮೂವರಲ್ಲಿ ಒಬ್ಬರು ಸಾಯುತ್ತಿದ್ದರು. ಕೆಲವು ಗದ್ದೆಗಳನ್ನು ಜನ ಉಳದೆ ಬಿಟ್ಟೇಬಿಟ್ಟರು. ಹುಳದ ಹೆಸರಿನಲ್ಲೇ ಪುಟ್ಟ ಗುಡಿಗಳನ್ನು ಕಟ್ಟಿ ಕೈಮುಗಿದರು.

ನೀಗಾತಾದಲ್ಲಿದ್ದ ಸ್ಕಾಟ್ಲೆಂಡಿನ ಮಿಷನರಿ ವೈದ್ಯ ಥಿಯೊಬಾಲ್ಡ್ ಪಾಮ್ 1878ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗ ಊರವರು ಕರೆಯುವ ‘ಶಿಮಾ-ಮುಶಿ’, ಅಂದರೆ ನಡುಗಡ್ಡೆಯ ಹುಳ, ಎಂಬ ಹೆಸರನ್ನೇ ಉಳಿಸಿಕೊಂಡ. ಮರುವರ್ಷ ನಮ್ಮ ಬೆಲ್ಟ್ಸ್, ನರಿ ಹಿಡಿದವರನ್ನು ಪರೀಕ್ಷಿಸಿದವನೇ, ಕಾವಾಕಾಮಿ ಎಂಬ ಜಪಾನಿ ವೈದ್ಯನ ಜೊತೆ ಸೇರಿ ಇದೇ ಕಾಯಿಲೆಯನ್ನು ‘ಜಪಾನಿನ ನದೀಜ್ವರ ಅಥವಾ ನೆರೆಜ್ವರ’ ಎಂದು ಬಣ್ಣಿಸಿದ. ಆ ವಿದ್ವತ್ತಿನ ಹೆಸರಿನಲ್ಲಿ ನದಿಗೆ ಸ್ಥಾನ ಸಿಕ್ಕಿತು, ನೆರೆಗೂ ಸಿಕ್ಕಿತು, ಹುಳಕ್ಕೆ ಸಿಗಲಿಲ್ಲ.

ಆದರೆ ಗೆದ್ದದ್ದು ಹುಳವೇ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜಪಾನಿ ಸಂಶೋಧಕರು ಕಂಡುಕೊಂಡದ್ದು ಇದು: ರೋಗ ಹರಡುವುದು ಕೆಂಪಗಿನ, ಸಾಸಿವೆಯ ಕಾಳಿಗಿಂತಲೂ ಎಷ್ಟೋ ಸಣ್ಣದಾದ ನುಸಿಯ ಮರಿ. ದೊಡ್ಡ ನುಸಿ ಮಣ್ಣಿನಲ್ಲಿರುತ್ತದೆ, ಮನುಷ್ಯರ ಗೊಡವೆಗೆ ಬರುವುದಿಲ್ಲ. ಮರಿ ಮಾತ್ರ ಹುಲ್ಲಿನ ತುದಿಯಲ್ಲಿ ಕಾದಿದ್ದು ಇಲಿಗೋ ಮನುಷ್ಯರಿಗೋ ಹತ್ತಿಕೊಳ್ಳುತ್ತದೆ. ಅದು ಕಚ್ಚಿದಾಗ ಒಳಸೇರುವ ಸೂಕ್ಷ್ಮಜೀವಿಯನ್ನು ಹುಡುಕುವಾಗ ಪ್ರಯೋಗಾಲಯದಲ್ಲೇ ಸೋಂಕು ತಗುಲಿ ಪ್ರಾಣ ತೆತ್ತವರಿದ್ದಾರೆ. 1995ರಲ್ಲಿ ಆ ಜೀವಿಗೆ ಈಗಿನ ಶಾಸ್ತ್ರೀಯ ಹೆಸರು ಕೊಟ್ಟರು: ‘ಓರಿಯೆನ್ಶಿಯ ತ್ಸುತ್ಸುಗಾಮುಶಿ’. ರೈತರ ಭೂತ ಹೀಗೆ ವಿಜ್ಞಾನದ ಪಟ್ಟಿಯಲ್ಲಿ ತನ್ನದೇ ಹೆಸರಿನಲ್ಲಿ ಕುಳಿತಿದೆ. ಆ ರೈತರು ತಪ್ಪಿದ್ದು ಒಂದೇ ಕಡೆ, ಹುಳದ ಗಾತ್ರದಲ್ಲಿ ಮತ್ತು ಅದರ ಮಾಂತ್ರಿಕತೆಯಲ್ಲಿ. ಜಾಗ, ಕಾಲ, ಹುಲ್ಲು, ಹುಳ ಎಲ್ಲವನ್ನೂ ಅವರು ಸರಿಯಾಗಿಯೇ ಕಂಡಿದ್ದರು.

ಈ ಕಾಯಿಲೆ ಜಪಾನಿನದಷ್ಟೇ ಅಲ್ಲ. ‘ಸ್ಕ್ರಬ್ ಟೈಫಸ್’ ಎಂಬ ಹೆಸರಿನಲ್ಲಿ ಅದು ನಮ್ಮ ದೇಶದಲ್ಲೆಲ್ಲ ಇದೆ, ಕರ್ನಾಟಕದಲ್ಲೂ ಇದೆ. ಈಗ ನನ್ನ ತಪ್ಪಿನ ಕಥೆ.

ಏಳು ವರ್ಷಗಳ ಹಿಂದೆ, ಮಳೆ ಹಿಂದಾದ ಕಾಲ. ಹಳ್ಳಿಯ ಹೆಂಗಸೊಬ್ಬಳನ್ನು ನಾಲ್ಕು ದಿನದ ಜ್ವರವೆಂದು ಕರೆತಂದರು. ನಲವತ್ತೈದರ ವಯಸ್ಸು. ಕೈಗೆ ಮಂತ್ರಿಸಿದ ದಾರ. ಅವಳ ಅತ್ತೆ ಹೇಳಿದರು, ‘ಹೊಳೆ ಬದೀಲಿ ಹುಲ್ಲು ಕೊಯ್ಯೋಕೆ ಹೋಗಿದ್ಲಪ್ಪ, ಅಲ್ಲೇ ಏನೋ ಸೋಕಿದೆ.’ ನಾನು ರೇಗಿದೆ. ‘ಸೋಕಿದ್ದೂ ಇಲ್ಲ, ಏನೂ ಇಲ್ಲಮ್ಮ. ಜ್ವರಕ್ಕೆ ದಾರ ಕಟ್ಟಿಸ್ಕೊಂಡು ನಾಲ್ಕು ದಿನ ಹಾಳು ಮಾಡಿದ್ರಿ’ ಎಂದೆ. ವಿಡಾಲ್ ಪರೀಕ್ಷೆಯಲ್ಲಿ ಸ್ವಲ್ಪ ಟೈಫಾಯಿಡ್ ಎಂಬಂತೆ ಬಂತು. ಅದಕ್ಕೆ ಕೊಡುವ ಇಂಜೆಕ್ಷನ್ನು ಐದು ದಿನ ಕೊಟ್ಟೆ. ಜ್ವರ ಇಳಿಯಲಿಲ್ಲ. ಆರನೆಯ ದಿನ ಏದುಸಿರು ಶುರುವಾಯಿತು, ಕಣ್ಣು ಹಳದಿಯಾಯಿತು. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟೆ.

ಅಲ್ಲಿ ರಾತ್ರಿ ಪಾಳಿಯಲ್ಲಿದ್ದ ಎಳೆಯ ವೈದ್ಯೆಯೊಬ್ಬಳು ರೋಗಿಯ ಬಟ್ಟೆ ಸಡಿಲಿಸಿ ತಲೆಯಿಂದ ಕಾಲಿನವರೆಗೆ ನೋಡಿದಳು. ಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಬೀಡಿಯ ಕಿಡಿ ತಾಗಿ ಸುಟ್ಟಂತೆ ಒಂದು ಕಪ್ಪು ಹಕ್ಕಳೆ. ನೋವಿಲ್ಲ, ತುರಿಕೆಯಿಲ್ಲ. ನುಸಿ ಕಚ್ಚಿದ ಗುರುತು. ವೈದ್ಯರು ಅದನ್ನು ‘ಎಸ್ಕಾರ್’ ಎನ್ನುತ್ತಾರೆ. ಡಾಕ್ಸಿಸೈಕ್ಲಿನ್ ಶುರು ಮಾಡಿದ ಎರಡನೆಯ ದಿನಕ್ಕೆ ಜ್ವರ ಇಳಿಯಿತು. ಆದರೆ ಶ್ವಾಸಕೋಶ ಸುಧಾರಿಸಲು ಹತ್ತು ದಿನ ಐ.ಸಿ.ಯು. ಬೇಕಾಯಿತು. ಒಂದು ಹಸು ಮಾರಿದರೆಂದು ಆಮೇಲೆ ತಿಳಿಯಿತು.

ಬದುಕಿ ಬಂದಳು. ತಿಂಗಳ ನಂತರ ಅತ್ತೆ ಸೊಸೆ ಇಬ್ಬರೂ ಬಂದಿದ್ದರು. ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ. ‘ನಾನು ಅವತ್ತೇ ಅಂದ್ನಲ್ಲಪ್ಪ, ಸೋಕಿದೆ ಅಂತ’ ಎಂದರು, ಅಷ್ಟೇ. ನಾವು ವೈದ್ಯರು ದಿನಕ್ಕೆ ನೂರು ಸಲ ಬಳಸುವ ‘ಸೋಂಕು’ ಎಂಬ ಪದ ಬಂದದ್ದು ಎಲ್ಲಿಂದ ಎಂದು ನನಗೆ ಹೊಳೆದದ್ದು ಆಗಲೇ. ಅವರು ನನಗೆ ಜಾಗ ಹೇಳಿದ್ದರು, ಕಾಲ ಹೇಳಿದ್ದರು, ಹುಲ್ಲು ಹೇಳಿದ್ದರು. ದಾರ ಕಟ್ಟಿಸಿ ನಾಲ್ಕು ದಿನ ಕಳೆದದ್ದು ಅವರ ತಪ್ಪಾದರೆ, ಬಟ್ಟೆ ಸರಿಸಿ ನೋಡದೆ ಐದು ದಿನ ಕಳೆದದ್ದು ನನ್ನದು.

ಆದ್ದರಿಂದ ಓದುಗರು ಇದಿಷ್ಟನ್ನು ಗಮನಿಸಬೇಕು. ಮಳೆಗಾಲದ ನಡುವಿನಿಂದ ಚಳಿಗಾಲದವರೆಗೆ ಜ್ವರ ಐದು ದಿನ ದಾಟಿದರೆ, ಅದರಲ್ಲೂ ಹೊಲ, ತೋಟ, ಪೊದೆ, ಹುಲ್ಲುಗಾವಲಿನ ಒಡನಾಟವಿದ್ದರೆ, ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಕಂಕುಳು, ತೊಡೆಸಂದಿ, ಸೊಂಟದ ಸುತ್ತ, ಸ್ತನದ ಕೆಳಗೆ, ಮಂಡಿಯ ಹಿಂದೆ, ಕಿವಿಯ ಹಿಂದೆ ಕಪ್ಪು ಹಕ್ಕಳೆಯಿದೆಯೇ ಎಂದು ಮನೆಯವರೇ ನೋಡಬಹುದು. ನಾಚಿಕೆಯಿಂದ ಹೆಂಗಸರು ತೋರಿಸುವುದಿಲ್ಲ, ನೋವಿಲ್ಲದ್ದರಿಂದ ಗಂಡಸರಿಗೆ ಗೊತ್ತೇ ಆಗುವುದಿಲ್ಲ. ಗುರುತು ಇಲ್ಲದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಅದಕ್ಕೆ ರಕ್ತಪರೀಕ್ಷೆಯಿದೆ. ಸೂಕ್ಷ್ಮಜೀವಿ ನಮ್ಮ ಜೀವಕೋಶಗಳ ಒಳಗೇ ಅಡಗಿರುವುದರಿಂದ ಜ್ವರಕ್ಕೆ ಸಾಮಾನ್ಯವಾಗಿ ಕೊಡುವ ಎಷ್ಟೋ ಆ್ಯಂಟಿಬಯಾಟಿಕ್‌ಗಳು ಇದಕ್ಕೆ ನಾಟುವುದಿಲ್ಲ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯೇ ಸಾಕು, ಗರ್ಭಿಣಿಯರಿಗೆ ಅಜಿತ್ರೊಮೈಸಿನ್ ಕೊಡುತ್ತಾರೆ. ತಡವಾಗಿ ಉಲ್ಬಣಿಸಿದವರಿಗೆ ಇವೆರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಮೇಲೆಂದು ನಮ್ಮ ದೇಶದ ಆಸ್ಪತ್ರೆಗಳಲ್ಲೇ ನಡೆದ ಅಧ್ಯಯನ 2023ರಲ್ಲಿ ತೋರಿಸಿದೆ. ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಮಲೆನಾಡಿನವರು ಇದನ್ನು ಮಂಗನ ಕಾಯಿಲೆಯ ಜೊತೆ ಬೆರೆಸಲೂಬಾರದು. ಅದು ಉಣುಗಿನಿಂದ ಬರುವ ವೈರಸ್ ಜ್ವರ, ಅದಕ್ಕೆ ಈ ಮಾತ್ರೆ ಉಪಯೋಗವಿಲ್ಲ.

ಮೊನ್ನೆ ಒಸಾಕಾದ ಹುಡುಗಿಯ ತಾಯಿ ಮತ್ತೆ ಬಂದಿದ್ದರು. ಮಗಳು ಮಗ್ಗುಲಾಗಿ ಮಲಗುತ್ತಿದ್ದಾಳಂತೆ, ಪಾಳಿಯನ್ನೂ ಬದಲಾಯಿಸಿಕೊಂಡಿದ್ದಾಳಂತೆ, ಐದು ವಾರದಿಂದ ಯಾರೂ ಬಂದು ಕುಳಿತಿಲ್ಲವಂತೆ. ಶಾಂತಿಯನ್ನೂ ಮಾಡಿಸಿದ್ದೀನಿ ಡಾಕ್ಟ್ರೇ ಎಂದು ಮೆಲ್ಲಗೆ ಸೇರಿಸಿದರು. ಈ ಸಲ ನಾನು ರೇಗಲಿಲ್ಲ. ಮುಂದಿನ ತಿಂಗಳು ರಜೆಗೆ ಗೆಳತಿಯರ ಜೊತೆ ಬೆಟ್ಟ ಹತ್ತಲು ಹೋಗುತ್ತಾಳಂತೆ, ಅಲ್ಲಿ ಆಗ ಎಲೆಗಳೆಲ್ಲ ಕೆಂಪಾಗುವ ಕಾಲವಂತೆ. ಜಪಾನಿನಲ್ಲಿ ಈಗಲೂ ವರ್ಷಕ್ಕೆ ಕೆಲವು ನೂರು ಮಂದಿಗೆ ಆ ನುಸಿಯ ಜ್ವರ ಬರುತ್ತದೆ, ಶರತ್ಕಾಲ ಅದರ ಹಂಗಾಮುಗಳಲ್ಲೊಂದು. ತುಂಬುತೋಳಿನ ಅಂಗಿ ಹಾಕಿಕೊಂಡು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿಕೊಂಡು ಹೋಗಲಿ, ಬರಿ ಹುಲ್ಲಿನ ಮೇಲೆ ಕೂರದಿರಲಿ, ಬಂದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆ ಒಗೆಯಲು ಹಾಕಲಿ ಎಂದು ಚೀಟಿಯ ಹಿಂದೆ ಬರೆದುಕೊಟ್ಟೆ.